ಮೊದಲು ಹಾಲು ಉಕ್ಕಿಸಿ, ಆಮೇಲೆ ಕಿಟಕಿ ತೆರೆಯಿರಿ

ಹೊಸ ಮನೆಗೆ ಕಾಲಿಟ್ಟ ದಿನ ಹಾಲು ಉಕ್ಕಿಸಬೇಕು ಅಂತ ನಮಗೆಲ್ಲ ಆಸೆ. ಜರ್ಮನಿಗೆ ಬರುವ ನಮ್ಮ ಕಡೆಯ ಮಕ್ಕಳು ಅದಕ್ಕಂತಲೇ ಊರಿಂದ ಒಂದು ಪುಟ್ಟ ಪಾತ್ರೆ ತಂದಿರುತ್ತಾರೆ. ಬಾಗಿಲು ತೆಗೆದು ನೋಡಿದರೆ ಎಷ್ಟೋ ಮನೆಗಳ ಅಡುಗೆಮನೆಯಲ್ಲಿ ಒಲೆಯೇ ಇರುವುದಿಲ್ಲ. ಸಿಂಕೂ ಇಲ್ಲ, ಗೋಡೆಯಲ್ಲಿ ನೀರಿನ ಪೈಪ್ ಮಾತ್ರ. ದೀಪ ಇರಬೇಕಾದ ಕಡೆ ಬರೀ ವೈರ್. ಮೋಸ ಹೋದೆವು ಅಂತ ಗಾಬರಿ ಬೀಳಬೇಡಿ. ಇಲ್ಲಿ ಬಾಡಿಗೆಯವರು ಮನೆ ಬಿಡುವಾಗ ಇವನ್ನೆಲ್ಲ ಬಿಚ್ಚಿಕೊಂಡು ಹೋಗುವುದು ರೂಢಿ. ಮನೆ ನೋಡಲು ಹೋದಾಗಲೇ ಕೇಳಿಕೊಳ್ಳಿ. ಅಲ್ಲಿರುವವರ ಅಡುಗೆಮನೆ ಚೆನ್ನಾಗಿದ್ದರೆ ಅದನ್ನೇ ಅವರಿಂದ ಕೊಂಡುಬಿಡಿ, ಹೊಸದು ಬಂದು ಜೋಡಿಸುವ ತನಕ ವಾರಗಟ್ಟಲೆ ಕಾಯುವುದು ತಪ್ಪುತ್ತದೆ. ಅಲ್ಲಿಯವರೆಗೆ ಒಂದೇ ತಟ್ಟೆಯ ಕರೆಂಟ್ ಒಲೆ ಸಾಕು. ಹಾಲೂ ಉಕ್ಕುತ್ತದೆ, ಅನ್ನ ಸಾರೂ ಆಗುತ್ತದೆ.

ಬೀಗದ ಕೈ ತೆಗೆದುಕೊಳ್ಳುವ ದಿನ ಹಗಲು ಹೊತ್ತಿನಲ್ಲೇ ಹೋಗಿ. ದೀಪವಿಲ್ಲದ ಮನೆಯಲ್ಲಿ ಸಂಜೆ ಏನೂ ಕಾಣುವುದಿಲ್ಲ. ನೆಲದ ಗೀರು, ಟೈಲ್ಸ್ ಬಿರುಕು, ಕಿಟಕಿ ಮೂಲೆಯ ಕಪ್ಪು ಕಲೆ, ಎಲ್ಲದರ ಫೋಟೋ ತೆಗೆಯಿರಿ. ಕರೆಂಟ್, ನೀರು, ಹೀಟರ್ ಮೀಟರುಗಳ ಅಂಕಿಯನ್ನೂ ಬಿಡಬೇಡಿ. ಮನೆ ಕೊಡುವಾಗ ಬರೆಯುವ ಪತ್ರಕ್ಕೆ ಇಲ್ಲಿ 'ಯೂಬರ್‌ಗಾಬೆಪ್ರೋಟೋಕಾಲ್' ಅನ್ನುತ್ತಾರೆ. ಅದರಲ್ಲಿ ಎಲ್ಲ ಬರೆಸಿದ ಮೇಲೆಯೇ ಸಹಿ ಹಾಕಿ. ಸಂಕೋಚ ಬೇಡ, ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಅಡ್ವಾನ್ಸ್ ವಿಷಯವೂ ತಿಳಿದಿರಲಿ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಬಾಡಿಗೆ ಇಲ್ಲಿ ಕೇಳುವಂತಿಲ್ಲ. ಹೀಟಿಂಗ್, ನೀರು ಮುಂತಾದ ಖರ್ಚು ಬಿಟ್ಟು ಬರೀ ಮನೆ ಬಾಡಿಗೆ ಎಷ್ಟೋ, ಅದರ 3 ತಿಂಗಳ ಮೊತ್ತವೇ ಕಾನೂನಿನ ಮಿತಿ. ಅದನ್ನೂ 3 ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಹೊಸದಾಗಿ ಬಂದು ಕೈಯಲ್ಲಿ ಕಾಸು ಕಡಿಮೆ ಇರುವಾಗ ಇದು ದೊಡ್ಡ ಆಸರೆ.

ಮನೆಗೆ ಬಂದ 2 ವಾರದೊಳಗೆ ನೀವಿರುವ ಊರಿನ ನಗರಸಭೆ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಒಂದು ಪತ್ರ ಬೇಕು, ಬೀಗದ ಕೈ ಜೊತೆಗೇ ಕೇಳಿ ಇಸಿದುಕೊಳ್ಳಿ. ಅದೇ ದಿನ ಅಂಚೆ ಪೆಟ್ಟಿಗೆಯ ಮೇಲೆ, ಕರೆಗಂಟೆಯ ಮೇಲೆ ನಿಮ್ಮ ಹೆಸರು ಬರಲಿ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಹೆಸರು ನೋಡಿಯೇ ಕಾಗದ ಹಾಕುವುದು. ಬ್ಯಾಂಕ್ ಕಾರ್ಡು, ತೆರಿಗೆ ನಂಬರ್ ಎಲ್ಲ ಅಂಚೆಯಲ್ಲೇ ಬರುತ್ತವೆ. ಹೆಸರಿಲ್ಲದಿದ್ದರೆ ವಾಪಸ್ ಹೋಗಿಬಿಡುತ್ತವೆ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಹೇಳಬೇಕು ಅಂದುಕೊಂಡಿರುವ ಮಾತು. ಅದು ಗಾಳಿ.

ನಾವು ಬಂದ ಮೊದಲ ಚಳಿಗಾಲ ಮಗು ಸಣ್ಣದಿತ್ತು. ಶೀತ ಆದೀತು ಅಂತ ಒಂದು ಕಿಟಕಿಯನ್ನೂ ತೆರೆಯಲಿಲ್ಲ. ಕುಕ್ಕರ್ ಹಬೆ, ಸಾರಿನ ಹಬೆ, ಸ್ನಾನದ ಹಬೆ, ಒಳಗೇ ಒಣಗಲು ಹಾಕಿದ ಬಟ್ಟೆಯ ತೇವ, ಎಲ್ಲ ಮನೆಯಲ್ಲೇ ಉಳಿಯಿತು. ಫೆಬ್ರವರಿಯಲ್ಲಿ ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆ ತುಂಬ ಕಪ್ಪು ಬೂಷ್ಟು. ಮಗುವಿನ ಕೆಮ್ಮು ಯಾಕೆ ಬಿಡುತ್ತಿಲ್ಲ ಅಂತ ಒದ್ದಾಡುತ್ತಿದ್ದೆ, ಆ ಗೋಡೆ ನೋಡಿದಾಗ ಕಣ್ಣಲ್ಲಿ ನೀರು ಬಂತು. ಮನೆ ಬಿಡುವಾಗ ಗೋಡೆಯ ಖರ್ಚು ಅಂತ ಅಡ್ವಾನ್ಸಿನಲ್ಲೂ ಹಿಡಿದುಕೊಂಡರು.

ನಮ್ಮೂರಿನ ಮನೆಗಳಲ್ಲಿ ಬಾಗಿಲ ಸಂದು, ಗವಾಕ್ಷಿ ಎಲ್ಲ ಕಡೆಯಿಂದ ಗಾಳಿ ಆಡುತ್ತದೆ. ಇಲ್ಲಿನ ಕಿಟಕಿಗಳು ಡಬ್ಬಿ ಮುಚ್ಚಳದ ಹಾಗೆ, ಮುಚ್ಚಿದರೆ ಗಾಳಿ ನುಸುಳುವುದಿಲ್ಲ. ಒಳಗಿನ ಹಬೆ ಹೋಗಿ ತಣ್ಣನೆಯ ಹೊರಗೋಡೆಗೆ ಕೂತು ನೀರಾಗುತ್ತದೆ, ಅಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಚಳಿಗಾಲದಲ್ಲೂ ದಿನಕ್ಕೆ 2-3 ಸಲ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆಯಿರಿ. 5ರಿಂದ 10 ನಿಮಿಷ ಸಾಕು. ಆಗ ಹೀಟರ್ ಆಫ್ ಇರಲಿ. ಅಷ್ಟು ಹೊತ್ತಿಗೆ ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ಕಿಟಕಿಯನ್ನು ಮೇಲಿಂದ ಸ್ವಲ್ಪ ವಾಲಿಸಿ ಇಡೀ ದಿನ ಬಿಡುವವರಿದ್ದಾರೆ. ಅದರಿಂದ ಗಾಳಿಯೂ ಸರಿಯಾಗಿ ಬದಲಾಗುವುದಿಲ್ಲ, ಕಿಟಕಿ ಸುತ್ತಲ ಗೋಡೆ ತಣ್ಣಗಾಗಿ ತೇವ ಅಲ್ಲೇ ಕೂರುತ್ತದೆ. ಅಡುಗೆ ಆದ ತಕ್ಷಣ, ಸ್ನಾನ ಆದ ತಕ್ಷಣ ತೆರೆಯುವುದನ್ನು ಮರೆಯಬೇಡಿ. ಬೀರು, ಮಂಚವನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಅಂಗೈ ಆಡುವಷ್ಟು ಜಾಗ ಬಿಡಿ. ಗಾಳಿಯ ತೇವ ತೋರಿಸುವ ಪುಟ್ಟ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ, 40ರಿಂದ 60ರ ನಡುವೆ ಇದ್ದರೆ ನಿಶ್ಚಿಂತೆ. ಹೀಟರ್ ತಿರುಪಿನಲ್ಲಿ 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುತ್ತದೆ ಅನ್ನುವುದು ತಪ್ಪು, ಬಿಲ್ ಮಾತ್ರ ಏರುತ್ತದೆ. ದುಡ್ಡು ಉಳಿಸಲು ಪೂರ್ತಿ ಆರಿಸಿಬಿಡುವುದೂ ಬೇಡ, ತಣ್ಣನೆ ಕೋಣೆಗೆ ಬೂಷ್ಟು ಇನ್ನೂ ಬೇಗ ಬರುತ್ತದೆ.

ಬಚ್ಚಲುಮನೆಯಲ್ಲಿ ಒಂದು ಎಚ್ಚರಿಕೆ. ತುಂಬ ಮನೆಗಳಲ್ಲಿ ನೆಲದಲ್ಲಿ ನೀರು ಹೋಗುವ ಜಾಲರಿ ಇರುವುದಿಲ್ಲ. ಬಕೆಟ್ ಇಟ್ಟುಕೊಂಡು ಚೊಂಬಿನಲ್ಲಿ ನೀರು ಹುಯ್ದುಕೊಂಡರೆ ಕೆಳಗಿನ ಮನೆಯವರ ಚಾವಣಿಗೆ ಇಳಿಯುತ್ತದೆ. ಊರಿಂದ ಬರುವ ಅಪ್ಪ ಅಮ್ಮನಿಗೆ ಮೊದಲ ದಿನವೇ ಇದನ್ನು ಹೇಳಿ. ಸ್ನಾನ ಏನಿದ್ದರೂ ಟಬ್ಬಿನ ಒಳಗೇ, ಪರದೆ ಎಳೆದುಕೊಂಡು.

ಗಾಜಿನ ಒಲೆ ಎರಡು ಬಗೆ, ನೋಡಲು ಮಾತ್ರ ಒಂದೇ ಥರ. ಇಂಡಕ್ಷನ್ ಆದರೆ ಊರಿನ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ತಳಕ್ಕೆ ಅಯಸ್ಕಾಂತ ಹಚ್ಚಿ ನೋಡಿ, ಅಂಟಿಕೊಂಡರೆ ನಡೆಯುತ್ತದೆ. ಇನ್ನೊಂದು ಬಗೆಯಲ್ಲಿ ತಳ ಚಪ್ಪಟೆ ಇರುವ ಯಾವ ಪಾತ್ರೆಯಾದರೂ ಆದೀತು. ಮಿಕ್ಸಿ ಧಾರಾಳವಾಗಿ ತನ್ನಿ, ಇಲ್ಲಿಯೂ 230 ವೋಲ್ಟೇ. ಮೂರು ಕಡ್ಡಿಯ ಪ್ಲಗ್ಗಿಗೆ ಮಾತ್ರ ಅರ್ತಿಂಗ್ ಇರುವ ಅಡಾಪ್ಟರ್ ಬೇಕು.

ಹೊರಗೆ ಹೋಗುವಾಗ, ಬರೀ ಕಸ ಹಾಕಲು ಹೋದರೂ, ಬೀಗದ ಕೈ ಕೈಯಲ್ಲಿರಲಿ. ಬಾಗಿಲು ಎಳೆದುಕೊಂಡರೆ ಹೊರಗಿನಿಂದ ತೆಗೆಯಲು ಬರುವುದಿಲ್ಲ. ಭಾನುವಾರ ಬೀಗ ತೆಗೆಯುವವರನ್ನು ಕರೆಸಿದರೆ ಕೈ ಸುಡುತ್ತದೆ. ನಂಬಿಕೆಯ ಗೆಳತಿಯ ಮನೆಯಲ್ಲಿ ಇನ್ನೊಂದು ಬೀಗದ ಕೈ ಇಟ್ಟುಬಿಡಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮತ್ತೆ ಭಾನುವಾರ ಇಡೀ ದಿನ, ಜೋರು ಸದ್ದು ಮಾಡಬಾರದು. ಮಿಕ್ಸಿ, ಗ್ರೈಂಡರ್, ಡ್ರಿಲ್ ಎಲ್ಲ ಸೇರಿತು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಹಾಗಾಗಿ ದೋಸೆಗೆ ಶನಿವಾರ ಮಧ್ಯಾಹ್ನವೇ ರುಬ್ಬಿಟ್ಟುಕೊಳ್ಳಿ, ಗ್ರೈಂಡರ್ ಕೆಳಗೆ ಒಂದು ದಪ್ಪ ಟವೆಲ್ ಮಡಚಿ ಹಾಕಿ. ಚಳಿಗೆ ಹಿಟ್ಟು ಹುದುಗುವುದಿಲ್ಲ ಅಂತ ಕೊರಗಬೇಡಿ. ಓವನ್ ಬಿಸಿ ಮಾಡದೆ ಒಳಗಿನ ದೀಪ ಮಾತ್ರ ಹಾಕಿ, ಹಿಟ್ಟಿನ ಪಾತ್ರೆಯನ್ನು ರಾತ್ರಿಯೆಲ್ಲ ಅಲ್ಲೇ ಇಡಿ. ಕೆಳಗೊಂದು ತಟ್ಟೆ ಇರಲಿ, ಉಕ್ಕಿ ಬರುತ್ತದೆ. ಓವನ್ ಬಾಗಿಲಿಗೆ 'ಒಳಗೆ ಹಿಟ್ಟಿದೆ' ಅಂತ ಚೀಟಿ ಅಂಟಿಸುವುದನ್ನು ಮಾತ್ರ ಮರೆಯಬೇಡಿ, ಬೆಳಿಗ್ಗೆ ಯಾರಾದರೂ ನೋಡದೆ ಓವನ್ ಹಚ್ಚಿಬಿಟ್ಟಾರು.