ಪದವಿ, ಮಿಷನ್ ಸೇವೆ, ಆಮೇಲೆ ಅಮೆರಿಕದ ಸೇನೆ: ಸಹಿಗೆ ಮುನ್ನ ಯೋಚಿಸಬೇಕಾದದ್ದು

ಕಾಲೇಜು ಮುಗಿಸಿ, ವಿದೇಶದಲ್ಲಿ ಒಂದೆರಡು ವರ್ಷ ಮಿಷನ್ ಸೇವೆ (ಚರ್ಚಿನ ಪರವಾಗಿ ಧರ್ಮಪ್ರಚಾರದ ಸೇವೆ) ಮಾಡಿ ಬಂದವರು ಅಮೆರಿಕದ ಭೂಸೇನೆ ಸೇರುವುದಾದರೆ, ಸಿಪಾಯಿಯಾಗಿಯೋ ಅಧಿಕಾರಿಯಾಗಿಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಪದವೀಧರರು 12 ವಾರಗಳ ಅಧಿಕಾರಿ ತರಬೇತಿಗೆ ಅರ್ಜಿ ಹಾಕಬಹುದು. ನೇಮಕಾತಿ ಕಚೇರಿಯವರು ಆ ಮಾತು ಎತ್ತದಿದ್ದರೆ ನೀವೇ ಎತ್ತಿ.

ಮಿಷನ್ ಅನುಭವವೊಂದರಿಂದಲೇ ಸೇನಾ ಪಾದ್ರಿಯಾಗಲು ಬರುವುದಿಲ್ಲ. ಅದಕ್ಕೆ ಧರ್ಮಶಾಸ್ತ್ರದ ಸ್ನಾತಕೋತ್ತರ ಅಧ್ಯಯನವೂ ಧಾರ್ಮಿಕ ಸಂಸ್ಥೆಯ ಅನುಮೋದನೆಯೂ ಬೇಕು. ಪಾದ್ರಿ ಆಯುಧ ಹಿಡಿಯುವುದಿಲ್ಲ, ಆದರೆ ಅವರ ಸಹಾಯಕ ಸೈನಿಕ ಹಿಡಿಯುತ್ತಾನೆ. ಆ ಎರಡರಲ್ಲಿ ನಿಮ್ಮ ಮನಸ್ಸು ಯಾವುದಕ್ಕೆ ಒಗ್ಗುತ್ತದೆ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಭದ್ರತಾ ಪರಿಶೀಲನೆಯ ಎಸ್‌ಎಫ್-86 ಪ್ರಶ್ನಾವಳಿಯು ಕಳೆದ 10 ವರ್ಷ ವಾಸವಿದ್ದ ವಿಳಾಸಗಳನ್ನೆಲ್ಲ ಕೇಳುವುದರಿಂದ, ಕೆಲವೇ ತಿಂಗಳಿಗೊಮ್ಮೆ ಊರು ಬದಲಿಸಿದ ಮಿಷನ್ ದಿನಗಳ ಬಾಡಿಗೆಮನೆಗಳನ್ನೂ, ವಿದೇಶಿ ಗೆಳೆಯರ ಹೆಸರುಗಳನ್ನೂ ಹಳೆಯ ದಿನಚರಿ, ಪಾಸ್‌ಪೋರ್ಟ್ ಮುದ್ರೆಗಳ ನೆರವಿನಿಂದ ಈಗಲೇ ಬರೆದಿಟ್ಟುಕೊಳ್ಳುವುದು ಜಾಣತನ. (ಬೇಸರದ ಕೆಲಸವೇ, ಒಪ್ಪೋಣ.)

ಮೊದಲ ಬಾರಿ ಸೇರುವವರ ಒಟ್ಟು ಬಾಧ್ಯತೆ ಸಾಮಾನ್ಯವಾಗಿ 8 ವರ್ಷ. ಸಕ್ರಿಯ ಸೇವೆ 4 ವರ್ಷಕ್ಕೆ ಮುಗಿದರೂ ಉಳಿದ ಅವಧಿಗೆ ಮೀಸಲು ಪಟ್ಟಿಯಲ್ಲಿರಬೇಕಾಗುತ್ತದೆ. ಬೋನಸ್, ಹುದ್ದೆ, ತರಬೇತಿ ಕುರಿತ ಪ್ರತಿಯೊಂದು ಭರವಸೆಯೂ ಒಪ್ಪಂದದ ಅನುಬಂಧದಲ್ಲಿ ಅಕ್ಷರರೂಪದಲ್ಲಿ ಇದೆಯೇ ಎಂದು ನೋಡದೆ ಸಹಿ ಹಾಕಬೇಡಿ.