ಜೋಳದ ದಂಟಿನ ವಿಮಾನ: ಮಕ್ಕಳ ಕೈಯಿಂದಲೇ ಮಾಡಿಸಿ

ಹಿಂಗಾರಿ ಜೋಳದ ರಾಶಿ ಮುಗಿದು ಕಣಿಕೆ ಬಣವಿಗೆ ಸೇರಿದ ಸ್ವಲ್ಪ ದಿನಕ್ಕೇ ಮಕ್ಕಳಿಗೆ ಬೇಸಿಗೆ ರಜೆ. ನಮ್ಮ ಧಾರವಾಡ, ಗದಗ ಕಡೆಯ ಅಜ್ಜಂದಿರು ಆ ದಂಟಿನ ಬೆಂಡಿನಿಂದ ಬಂಡಿ, ಎತ್ತು, ಕನ್ನಡಕ ಮಾಡಿಕೊಡುತ್ತಿದ್ದರು. ಹಾರುವ ಆಟಿಕೆಗೂ ಅದು ಹೇಳಿ ಮಾಡಿಸಿದಂಥ ಸಾಮಾನು. ಹಗುರ, ಸಿಬರು ಚುಚ್ಚಿದರೆ ಗಟ್ಟಿಯಾಗಿ ಹಿಡಿಯುತ್ತದೆ, ದುಡ್ಡೂ ಬೇಡ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಿಮಾನ ಇಳಿಯುವುದನ್ನು ಕತ್ತೆತ್ತಿ ನೋಡುವ ಆರೇಳು ವರ್ಷದ ಮಗುವಿಗೆ ಅಂಗಡಿಯ ಪ್ಲಾಸ್ಟಿಕ್ ವಿಮಾನಕ್ಕಿಂತ ಇದನ್ನೇ ಕೊಡಿ ಎನ್ನುತ್ತೇನೆ. ಹಾರದಿದ್ದರೆ ಬಿಚ್ಚಿ ತಿದ್ದಬಹುದು. ಕಲಿಕೆ ಇರುವುದೇ ಆ ತಿದ್ದುವುದರಲ್ಲಿ.

ಮೊದಲು ಕೈ ಪಳಗಲಿ

ನೋಟ್‌ಬುಕ್ ಹಾಳೆಯಿಂದ 15 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಒಂದು ತುದಿಯಿಂದ ನಟ್ಟನಡುವೆ 7 ಸೆಂ.ಮೀ. ಸೀಳಿ, ಒಂದು ರೆಕ್ಕೆ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಮಡಚಿ. ಕೆಳಭಾಗವನ್ನು ಎರಡೂ ಬದಿಯಿಂದ ಒಳಗೆ ಮಡಚಿ ತುದಿಗೊಂದು ಪೇಪರ್ ಕ್ಲಿಪ್ ಹಾಕಿ. ಕೈ ಎತ್ತಿ ಬಿಟ್ಟರೆ ಗರಗರ ತಿರುಗುತ್ತ ಇಳಿಯುತ್ತದೆ. ರೆಕ್ಕೆಗಳ ಮಡಿಕೆ ಅದಲುಬದಲಾದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಡಿ, ಮಗುವೇ ಕಂಡುಕೊಳ್ಳಲಿ. ಮಹಾಗನಿ ಮರದ ಬೀಜ ಸಿಕ್ಕರೆ ಜೊತೆಗೆ ಅದನ್ನೂ ಬಿಟ್ಟು ನೋಡಿ, ಅದು ಇಳಿಯುವುದೂ ಹೀಗೆಯೇ ತಿರುಗುತ್ತ.

ಈಗ ವಿಮಾನ

ಬೆರಳು ದಪ್ಪದ ಒಣ ದಂಟು ಆರಿಸಿ. ಸಿಪ್ಪೆ ಸುಲಿಯುವ ಕೆಲಸ ದೊಡ್ಡವರದೇ ಇರಲಿ. ಅದರ ಅಂಚು ಬ್ಲೇಡಿನಷ್ಟೇ ಹರಿತ, ಎಳೆಯ ಬೆರಳು ಕೊಯ್ದುಬಿಡುತ್ತದೆ. ಒಳಗಿನ ಬಿಳಿ ಬೆಂಡನ್ನು 25 ಸೆಂ.ಮೀ. ಉದ್ದ ಇಟ್ಟುಕೊಳ್ಳಿ. ಸುಲಿದ ಸಿಪ್ಪೆಯಿಂದ ನಾಲ್ಕೈದು ಸಣ್ಣ ಸಿಬರು ಮಾಡಿಕೊಳ್ಳಿ, ಅವೇ ಮೊಳೆ.

ಹಳೆಯ ಲಗ್ನಪತ್ರಿಕೆಯ ರಟ್ಟಿನಿಂದ 24 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ರೆಕ್ಕೆ ಕತ್ತರಿಸಬೇಕು. ಬಾಲಕ್ಕೆ 9 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ತುಂಡು, ಮೇಲೆ ನೆಟ್ಟಗೆ ನಿಲ್ಲಿಸಲು ಒಂದು ಸಣ್ಣ ತ್ರಿಕೋನ. ರೆಕ್ಕೆಯನ್ನು ನಡುವೆ ಮಡಚಿ ಎರಡೂ ತುದಿ ಎರಡು ಬೆರಳಷ್ಟು ಮೇಲೇಳುವಂತೆ ಮಾಡಿ. ಹೀಗೆ ಮಾಡಿದರೆ ವಿಮಾನ ಒಂದು ಬದಿಗೆ ವಾಲಿದರೂ ತಾನೇ ಸರಿಯಾಗುತ್ತದೆ. ಬೆಂಡಿನ ಮುಂದಿನ ತುದಿಯಿಂದ 7 ಸೆಂ.ಮೀ. ಬಿಟ್ಟು ರೆಕ್ಕೆಯನ್ನು ಕೂರಿಸಿ, ಸಿಬರು ಚುಚ್ಚಿ. ಬಾಲ ಹಿಂದಿನ ತುದಿಗೆ. ತ್ರಿಕೋನಕ್ಕೆ ಬೆಂಡಿನಲ್ಲಿ ಸಣ್ಣ ಸೀಳು ಸಾಕು.

ಇನ್ನು ಮೂಗು. ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ಬಾರಿಹಣ್ಣಿನಷ್ಟು ಹಸಿ ಎರೆಮಣ್ಣು ಉಂಡೆ ಮಾಡಿ ಮುಂದಿನ ತುದಿಗೆ ಮೆತ್ತಿ, ದಾರ ಸುತ್ತಿ. ರೆಕ್ಕೆಯ ಮುಂದಿನ ಅಂಚಿನಿಂದ 2 ಸೆಂ.ಮೀ. ಹಿಂದೆ, ಎರಡೂ ರೆಕ್ಕೆಗಳ ಕೆಳಗೆ ಬೆರಳ ತುದಿ ಇಟ್ಟು ಎತ್ತಿ. ವಿಮಾನ ಮಟ್ಟಸವಾಗಿ ನಿಲ್ಲಬೇಕು. ಬಾಲ ಇಳಿದರೆ ಮಣ್ಣು ಹೆಚ್ಚಿಸಿ, ಮೂಗು ಇಳಿದರೆ ಚಿವುಟಿ ತೆಗೆಯಿರಿ. ಮಣ್ಣು ಒಣಗಿದಾಗ ತೂಕ ಇಳಿಯುತ್ತದೆ, ಮರುದಿನ ಇನ್ನೊಮ್ಮೆ ಎತ್ತಿ ನೋಡಲೇಬೇಕು.

ಹಾರಿಸುವಾಗ

ಗಾಳಿ ಏಳುವ ಮುಂಚೆ, ಬೆಳಗಿನ ಹೊತ್ತು, ಅಂಗಳ ಅಥವಾ ಶಾಲೆಯ ಬಯಲು ಒಳ್ಳೆಯದು. ಮಾಳಿಗೆ ಮೇಲೆ ಬೇಡ, ವಿಮಾನದ ಹಿಂದೆ ಓಡುವ ಮಗುವಿಗೆ ಅಂಚು ಕಾಣುವುದಿಲ್ಲ. ಗಾಳಿಗೆ ಎದುರಾಗಿ ನಿಂತು, ಮೂಗು ತುಸು ಕೆಳಗೆ ಮಾಡಿ ಮೆಲ್ಲಗೆ ತಳ್ಳಬೇಕು. ಕಲ್ಲು ಬೀಸಿದಂತೆ ಬೀಸಿದರೆ ಕೆಲಸ ಕೆಟ್ಟಿತು.

"ಅಜ್ಜಾ, ಮ್ಯಾಲೆ ಹೋಗಿ ದೊಪ್ಪಂತ ಬೀಳತೈತಲ್ಲ?"

"ಮೂಗಿಗೆ ಒಂಚೂರು ಮಣ್ಣ ಹಚ್ಚಿ ನೋಡಲೇ ತಮ್ಮಾ."

ಉತ್ತರ ಇಷ್ಟೇ ಇರಲಿ. ನೀವೇ ಕಸಿದುಕೊಂಡು ಸರಿಮಾಡಬೇಡಿ. ನೇರ ಮೂಗುಬಡಿದರೆ ಮಣ್ಣು ಕಡಿಮೆ ಮಾಡಬೇಕು, ಇಲ್ಲವೇ ಬಾಲದ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಬೇಕು. ಒಂದೇ ಕಡೆ ತಿರುಗುತ್ತಿದ್ದರೆ ರೆಕ್ಕೆ ತಿರುಚಿಕೊಂಡಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ. ಮೂರು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ಮಗುವಿಗೂ ತಿಳಿಯದು, ನಿಮಗೂ ತಿಳಿಯದು.

ರೈಟ್ ಸಹೋದರರು ಎಂಜಿನ್ ಕೂರಿಸುವ ಮುಂಚೆ 1900ರಿಂದ 1902ರವರೆಗೆ ಎಂಜಿನ್ ಇಲ್ಲದ ಗ್ಲೈಡರ್‌ಗಳನ್ನೇ ಹಾರಿಸಿ ತಿದ್ದಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ. ಅಷ್ಟು ದೂರವನ್ನು ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಮಕ್ಕಳಿಗೆ ತೋರಿಸಿ. ತಮ್ಮ ವಿಮಾನ ಎಲ್ಲಿ ಬಿತ್ತೆಂದು ಅವರೇ ಓಡಿಹೋಗಿ ಅಳೆಯುತ್ತಾರೆ.

ಇನ್ನೂ ಚಿಕ್ಕ ಮಕ್ಕಳಿದ್ದರೆ ಪ್ಯಾರಾಶೂಟ್ ಸಾಕು. ಕರವಸ್ತ್ರದ ನಾಲ್ಕು ಮೂಲೆಗೆ ಸಮ ಉದ್ದದ ದಾರ, ಕೆಳಗೊಂದು ಹುಣಸೆಬೀಜದ ಪೊಟ್ಟಣ.

ಕಾರಹುಣ್ಣಿಮೆಯ ಹೊತ್ತಿಗೆ ಗಾಳಿಪಟದ ಗಾಳಿ ಬೀಸತೊಡಗಿದ ಮೇಲೆ ಈ ವಿಮಾನ ಹೊರಗೆ ನಿಲ್ಲುವುದಿಲ್ಲ, ಪಡಸಾಲೆಯಲ್ಲಿ ಹಾರಿಸಬೇಕು. ಮಳೆಗಾಲದಲ್ಲಿ ಬೆಂಡು ತೇವ ಹೀರಿ ಭಾರವಾಗುತ್ತದೆ. ಹಾಗಾಗಿ ಬರುವ ವರ್ಷಕ್ಕೆ ಬೇಕಾದ ನಾಲ್ಕು ದಂಟನ್ನು ಸಿಪ್ಪೆ ಸಮೇತ ಅಡುಗೆಮನೆಯ ಅಟ್ಟದ ಮೇಲೆ ಈಗಲೇ ಎತ್ತಿಡಿ.