ಒಂದೇ ಕೈ ಜೋಮು ಹಿಡಿದರೆ ನಾನು ಮೊದಲು ಮಾಡುವುದು

ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ ಎಂದು ಯಾರೇ ಹೇಳಲಿ, ಚೀಟಿಯಲ್ಲಿ ಕಾರ್ಪಲ್ ಟನಲ್ (ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಹೋಗುವ ತೊಂದರೆ) ಎಂದು ಬರೆದು ಮುಂದಿನವರನ್ನು ಕರೆಯುವ ಅಭ್ಯಾಸ ನನಗೂ ಇತ್ತು. ಬಹಳಷ್ಟು ಸಲ ಅದು ಸರಿಯೇ ಆಗಿರುತ್ತದೆ. ತೊಂದರೆ ಇರುವುದೇ ಅಲ್ಲಿ.

ಒಬ್ಬ ಹುಡುಗ ಬಂದಿದ್ದ. ಬಲಗೈ ಮಾತ್ರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತಿದ್ದವು. ಸಕ್ಕರೆ ಕಾಯಿಲೆ ಇಲ್ಲ, ಥೈರಾಯ್ಡ್ ಸರಿ ಇದೆ, ನರದ ಟೆಸ್ಟಿನಲ್ಲಿ ಆ ಬೆರಳುಗಳಿಗೆ ಹೋಗುವ ಮೀಡಿಯನ್ ನರ ಮಣಿಕಟ್ಟಿನಲ್ಲೇ ನಿಧಾನ. ಇನ್ನೇನು ಬೇಕು ಅಂದುಕೊಂಡು ಸುರಂಗದ ಸೂರಾಗಿರುವ ಲಿಗಮೆಂಟ್ ಕತ್ತರಿಸಿದೆ. ಎರಡು ತಿಂಗಳಾದರೂ ಜೋಮು ಹಾಗೇ ಇತ್ತು. ಆಗ ಅಲ್ಟ್ರಾಸೌಂಡ್ ಬರೆದುಕೊಟ್ಟೆ. "ಇದನ್ನ ಮೊದಲೇ ಮಾಡಿಸ್ಬೋದಿತ್ತಲ್ವಾ ಸಾರ್" ಅಂದ. ಮಾಡಿಸಬಹುದಿತ್ತು.

ಆ ಸುರಂಗದಲ್ಲಿ ನರದ ಜೊತೆ ಬೆರಳು ಮಡಿಸುವ 9 ಟೆಂಡನ್‌ಗಳು ಒತ್ತೊತ್ತಾಗಿ ಹೋಗುತ್ತವೆ. ನಾನು ಬಿಚ್ಚಿದ್ದು ಸೂರು ಮಾತ್ರ. ಎರಡನೇ ಸಲ ಟೆಂಡನ್‌ಗಳನ್ನೆಲ್ಲ ಪಕ್ಕಕ್ಕೆ ಸರಿಸಿ ತಳ ನೋಡಿದರೆ, ದ್ರಾಕ್ಷಿಯಷ್ಟು ದೊಡ್ಡ ಗ್ಯಾಂಗ್ಲಿಯಾನ್ ಗಂಟು ಕೀಲಿನಿಂದ ಎದ್ದು ಬಂದು ಎಲ್ಲವನ್ನೂ ಮೇಲಕ್ಕೆ ನೂಕಿಕೊಂಡು ಕೂತಿತ್ತು. ಬ್ಲೇಡಿನ ತುದಿ ತಾಗಿದ್ದೇ ತಡ, ಅಂಟಂಟು ಜೆಲ್ಲಿ ಹೊರಬಂತು. ಬುಡದಿಂದಲೇ ತೆಗೆದೆ. ಹುಡುಗ ಸರಿಹೋದ, ನನ್ನ ಮೇಲೆ ಸಿಟ್ಟು ಉಳಿಯಿತೋ ಇಲ್ಲವೋ ಕೇಳಲಿಲ್ಲ.

ಈಗ ಚಿಕ್ಕ ವಯಸ್ಸು, ಒಂದೇ ಕೈ, ಬೇರೆ ಕಾರಣ ಕಾಣುತ್ತಿಲ್ಲ ಅಂದರೆ ಸ್ಕ್ಯಾನ್ ಇಲ್ಲದೆ ಚಾಕು ಹಿಡಿಯುವುದಿಲ್ಲ. ಸ್ಕ್ಯಾನ್ ಮಾಡುವವರಿಗೆ ಮುಷ್ಟಿ ಬಿಗಿಸಿ ಕೂಡ ನೋಡಿ ಎಂದು ಬರೆಯುತ್ತೇನೆ, ಯಾಕೆಂದರೆ ಕೆಲವರಲ್ಲಿ ಅಂಗೈಯ ಸಣ್ಣ ಮಾಂಸಖಂಡ ಮುಷ್ಟಿ ಮಾಡಿದಾಗ ಮಾತ್ರ ಸುರಂಗದೊಳಗೆ ನುಗ್ಗುತ್ತದೆ. ಪಾಲ್ಮಾರಿಸ್ ಲಾಂಗಸ್ ಎಂಬ ಮುಂಗೈ ಮಾಂಸಖಂಡ ತಲೆಕೆಳಗಾಗಿ ಹುಟ್ಟಿರುವುದೂ ಉಂಟು, ಮೊಣಕೈ ಹತ್ತಿರ ಇರಬೇಕಾದ ಮಾಂಸ ಮಣಿಕಟ್ಟಿನಲ್ಲಿ ಉಬ್ಬಿರುತ್ತದೆ. ಕೊಬ್ಬಿನ ಗಡ್ಡೆ, ಗೌಟಿನ ಹರಳು, ಕ್ಷಯದಿಂದ ಊದಿದ ಟೆಂಡನ್ ಪೊರೆ, ಎಲ್ಲವೂ ನರ ಒತ್ತಬಲ್ಲವು. ವಯಸ್ಸಾದ ಗಂಡಸರಿಗೆ ಎರಡೂ ಕೈಯಲ್ಲಿ ಇದ್ದರೆ ಮಾತ್ರ ಲೆಕ್ಕ ಬೇರೆ. ಆಪರೇಷನ್ ಮಾಡುವಾಗಲೇ ಒಂದು ಚೂರು ಪೊರೆ ಅಮಿಲಾಯ್ಡ್ (ಅಂಗಗಳಲ್ಲಿ ಜಮೆಯಾಗುವ ಕೆಟ್ಟ ಪ್ರೋಟೀನ್) ಪರೀಕ್ಷೆಗೆ ಕಳಿಸುತ್ತೇನೆ, ಅದು ಹೃದಯದಲ್ಲಿ ಗೊತ್ತಾಗುವುದಕ್ಕೆ ವರ್ಷಗಳ ಮೊದಲೇ ಕೈಯಲ್ಲಿ ಕಾಣಿಸಿಕೊಳ್ಳಬಹುದು.

ಕಿರುಬೆರಳಿನ ಕಡೆಯ ನರದ್ದು ಇನ್ನೂ ಮೋಸ. ಮಣಿಕಟ್ಟಿನಲ್ಲಿ ಆ ನರ ಹಾಯುವ ಗಯಾನ್ ಕಾಲುವೆಯಲ್ಲಿ ಗಂಟು ಮಾಂಸಖಂಡಗಳಿಗೆ ಹೋಗುವ ಆಳದ ಕವಲನ್ನಷ್ಟೇ ಒತ್ತಿದರೆ ಜೋಮೇ ಇರುವುದಿಲ್ಲ. ನೋವೂ ಇಲ್ಲದಿರಬಹುದು. ಹಾಗಾಗಿ ಅಂಥವರು ಬೇಗ ಬರುವುದೂ ಇಲ್ಲ. ಕೀ ತಿರುಗಿಸೋಕೆ ಆಗ್ತಿಲ್ಲ ಅಂತ ಬರುತ್ತಾರೆ, ನೋಡಿದರೆ ಹೆಬ್ಬೆರಳು ತೋರುಬೆರಳಿನ ಮಧ್ಯದ ಮಾಂಸ ಕರಗಿ ಗುಳಿ ಬಿದ್ದಿರುತ್ತದೆ.